ಮೂರು ಸಲ ಕರೆದರೆ ದೆವ್ವವಲ್ಲ

ಕಾನಹೊಸಹಳ್ಳಿಯಲ್ಲಿ ಬೆನಕಪ್ಪನಷ್ಟು ಅಂಜುಬುರುಕ ಇನ್ನೊಬ್ಬನಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋದವನು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಿದ್ದ. ಸೈಕಲ್ ಬಿಟ್ಟು ಬೇರೆ ಗಾಡಿ ಓಡಿಸಿದವನಲ್ಲ. ಹೈವೇ ದಾಟಬೇಕಾದರೆ ಬರುತ್ತಿರುವ ಲಾರಿ ಹೋಗಲಿ ಎಂದು ನಿಲ್ಲುತ್ತಿದ್ದ, ಅದು ಹೋಗುವಷ್ಟರಲ್ಲಿ ಇನ್ನೊಂದು ಕಾಣುತ್ತಿತ್ತು, ಅದೂ ಹೋಗಲಿ ಎನ್ನುತ್ತಿದ್ದ. ಇಂಥವನು ಕರೆಂಟಿನ ಕೆಲಸಕ್ಕೆ ಯಾಕೆ ಬಂದನೋ ಆ ಶಿವನಿಗೇ ಗೊತ್ತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಿತ್ತ ಪ್ಲಗ್ಗನ್ನು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಟ್ಟುಕೊಂಡ ಮೇಲೆಯೇ ಟಿವಿಯ ಹೊಟ್ಟೆಗೆ ಕೈ ಹಾಕುತ್ತಿದ್ದ.

ನನ್ನದು ಪಕ್ಕದ ಅಂಗಡಿ. ಜೆರಾಕ್ಸ್, ಎಸ್‌ಟಿಡಿ ಬೂತು, ಜೊತೆಗೆ ಲಗ್ನಪತ್ರಿಕೆ ಟೈಪು ಮಾಡಲು ಒಂದು ಹಳೆಯ ಕಂಪ್ಯೂಟರ್. ನಮ್ಮಿಬ್ಬರ ನಡುವೆ ಇದ್ದದ್ದು ತಗಡಿನ ಗೋಡೆ. ಅವನು ಆ ಕಡೆ ನಿಟ್ಟುಸಿರು ಬಿಟ್ಟರೆ ಈ ಕಡೆ ನನಗೆ ಕೇಳುತ್ತಿತ್ತು, ಮತ್ತು ಅವನು ಬಹಳ ನಿಟ್ಟುಸಿರು ಬಿಡುವ ಮನುಷ್ಯ. ಎಷ್ಟೋ ಸಲ ಗೋಡೆಗೆ ಗುದ್ದಿ, "ಏನಲೇ ಆತು?" ಎಂದು ಕೂಗಿದ್ದೇನೆ. "ಏನಿಲ್ಲ ಶಂಕ್ರಣ್ಣ, ಹಂಗ ಸುಮ್ಮನ" ಎನ್ನುತ್ತಿದ್ದ.

ಅವನ ತಾಯಿ ಬೇಗ ತೀರಿಕೊಂಡಿದ್ದಳು. ಸಾಕಿದವಳು ಅಕ್ಕ ತಿಪ್ಪೇರುದ್ರಮ್ಮ. ಆಕೆಯನ್ನು ಕೊಟ್ಟದ್ದು ಕೊಟ್ಟೂರಿನ ದಾರಿಯಲ್ಲಿರುವ ಚಿಕ್ಕೇರಹಟ್ಟಿಗೆ. ಗಂಡ ಮರುಳಪ್ಪ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವಂಥ ಒಕ್ಕಲಿಗ. ಅವರ ತೆರೆದ ಬಾವಿ ಮನೆಯಿಂದ ಕೂಗಳತೆಗಿಂತ ಸ್ವಲ್ಪ ಆಚೆ. ಆ ಬಾವಿಯ ಸೆಲೆ ಸಣ್ಣದು. ಮೋಟರು ಹಚ್ಚಿದ ಸ್ವಲ್ಪ ಹೊತ್ತಿಗೆ ನೀರು ತಳ ಕಾಣುತ್ತಿತ್ತು. ಆಗ ನಿಲ್ಲಿಸಬೇಕು, ಸೆಲೆ ತುಂಬಿದ ಮೇಲೆ ಮತ್ತೆ ಹಚ್ಚಬೇಕು. ಸುತ್ತಲಿನವರೆಲ್ಲ ಕರೆಂಟು ಬಂದ ಕೂಡಲೇ ತಾನಾಗಿ ಚಾಲೂ ಆಗುವ ಆಟೋ ಹಾಕಿಸಿಕೊಂಡು ನಿಶ್ಚಿಂತೆಯಿಂದ ಮಲಗುತ್ತಿದ್ದರು. ತಿಪ್ಪೇರುದ್ರಮ್ಮನಿಗೆ ಆ ಭಾಗ್ಯವಿರಲಿಲ್ಲ. ಹಚ್ಚುವುದಕ್ಕೆ ಒಮ್ಮೆ, ಆರಿಸುವುದಕ್ಕೆ ಒಮ್ಮೆ, ದಿನವೆಲ್ಲ ಮೆಕ್ಕೆಜೋಳದ ನಡುವಿನ ಬದುವಿನ ಮೇಲೆ ಓಡಾಟ. ಒಂದು ಸಂಜೆ ಕೊಳಕುಮಂಡಲ ಹಾವು ಆಕೆಯ ಪಾದದ ಮೇಲೆಯೇ ಹರಿದು ಹೋಯಿತು. ಆಕೆ ಅದನ್ನು ನಗುತ್ತಾ ಹೇಳಿದಳು. ತಮ್ಮ ಕೇಳಿ ಊಟ ಬಿಟ್ಟ.

ಇದು ಎರಡು ಸಾವಿರದ ನಾಲ್ಕೋ ಐದೋ ಇಸವಿಯ ಮಾತು. ಬೆನಕಪ್ಪನಿಗೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಿಂದ ಎಲೆಕ್ಟ್ರಾನಿಕ್ಸ್ ಪುಸ್ತಕ ತರಿಸುವ ಹುಚ್ಚಿತ್ತು. ಅದರಲ್ಲಿ ನೋಡಿ ಬೆಂಗಳೂರಿನಿಂದ ಬಸ್ಸಿನವರ ಕೈಯಲ್ಲಿ ಒಂದು ಪೊಟ್ಟಣ ತರಿಸಿದ. ಒಳಗೆ ಜರಿಹುಳದಂತೆ ಕಾಲಿರುವ ಕಪ್ಪು ಚಿಪ್ಪುಗಳು, ಬೆಂಕಿಪೊಟ್ಟಣಕ್ಕಿಂತ ಸಣ್ಣ ಎರಡು ರೇಡಿಯೋ ಬಿಲ್ಲೆಗಳು. ಚಿಪ್ಪಿಗೆ ಏನು ಮಾಡಬೇಕೆಂದು ಬರೆದು ತುಂಬಬಹುದು. ಒಂದು ಬಿಲ್ಲೆ ಅಕ್ಷರಗಳನ್ನು ಒಂದರ ಹಿಂದೊಂದು ಗಾಳಿಗೆ ಬಿಡುತ್ತದೆ, ಇನ್ನೊಂದು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಗುಂಡಿ ಒತ್ತಿದರೆ ಬಾವಿಯ ಮೋಟರು ತಿರುಗಬೇಕು, ತಂತಿ ಇಲ್ಲದೆ. ಅವನ ಆಸೆ ಇಷ್ಟೇ. ಅಕ್ಕ ಆ ಬದುವಿನ ಮೇಲೆ ಓಡಾಡಬಾರದು.

ಮಾತಾಡುವ ಬಿಲ್ಲೆ ಸಾಧುಪ್ರಾಣಿ, ಗುಂಡಿ ಒತ್ತದಿದ್ದಾಗಲೂ ಬೇರೊಂದು ಅಕ್ಷರವನ್ನು ಸುಮ್ಮನೆ ಗೊಣಗುತ್ತಲೇ ಇರುತ್ತಿತ್ತು. ಕೇಳುವ ಬಿಲ್ಲೆಯದೇ ತಕರಾರು. ಆ ಕಡೆಯಿಂದ ಮಾತು ಬರುತ್ತಿದ್ದಾಗ ಅದು ಸರಿಯಾಗಿ ಕೇಳಿಸಿಕೊಳ್ಳುತ್ತಿತ್ತು. ಮಾತು ನಿಂತರೆ ಸುಮ್ಮನಿರುತ್ತಿರಲಿಲ್ಲ. ಯಾರಾದರೂ ಕರೆದರೇನೋ ಎಂದು ಕಿವಿ ಇನ್ನಷ್ಟು ನಿಗುರಿಸಿ, ಗಾಳಿಯಲ್ಲಿರುವ ಕಸವನ್ನೆಲ್ಲ ಅಕ್ಷರವೆಂದು ತಿಳಿದು ಬಡಬಡಿಸುತ್ತಿತ್ತು. ನನ್ನ ಕಂಪ್ಯೂಟರಿಗೆ ಹಚ್ಚಿ ತೋರಿಸಿದ. ಮಾತಾಡುವ ಬಿಲ್ಲೆಯ ಸೆಲ್ಲು ಕಿತ್ತು ಪಕ್ಕಕ್ಕಿಟ್ಟಿದ್ದರೂ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಇರುವೆ ಸಾಲಿನಂತೆ ಹರಿಯುತ್ತಿದ್ದವು.

"ಥೇಟ್ ನಿನ್ನಂಗ ಐತಲೇ ಇದು," ಎಂದೆ. "ಯಾರೂ ಏನೂ ಅಂದಿಲ್ಲ ಅಂದ್ರೂ ಏನೋ ಕೇಳಿಸ್ಕೊಂತೈತಿ."

ಅವನು ನಗಲಿಲ್ಲ. "ಚಾಲೂ ಮಾಡೋದಕ್ಕ ಒಂದಕ್ಷರ ಇಟ್ಟೀನಿ ಶಂಕ್ರಣ್ಣ. ಈ ಕಸದಾಗ ಅದ ಅಕ್ಷರ ಬಂದ್ರ ಮೋಟ್ರು ತಾನ ಚಾಲೂ ಆಗ್ತೈತಿ. ಹೆಂಗ ತಡೀಲಿ?"

ವಾರಗಟ್ಟಲೆ ನಿಟ್ಟುಸಿರು. ಕೊನೆಗೆ ಒಂದು ದಿನ ಗೋಡೆಗೆ ಅವನೇ ಗುದ್ದಿದ. ಹೊಳೆದಿತ್ತಂತೆ. ಹೊಳೆಸಿದವಳು ಸತ್ತುಹೋದ ಅವನ ಅಜ್ಜಿ ಹೊನ್ನೂರಮ್ಮ. ನಮ್ಮ ಕಡೆ ಮಕ್ಕಳಿಗೆಲ್ಲ ಹೇಳುವ ಮಾತೇ ಅದು. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ತಟ್ಟನೆ ಓ ಅನ್ನಬಾರದು. ದೆವ್ವ ಒಂದು ಸಲ ಕರೆಯುತ್ತದೆ, ಬಹಳವಾದರೆ ಎರಡು ಸಲ. ಮೂರನೇ ಸಲ ಕರೆದರೆ ಅದು ಮನುಷ್ಯರೇ.

"ಮೂರು ಸಲ ಅದ ಅಕ್ಷರ ಬಂದ್ರ ಮಾತ್ರ ಓ ಅನ್ನು ಅಂತ ಬರದೀನಿ," ಎಂದ. "ಕಸ ಒಂದು ಸಲ ಕರೀಬಹುದು, ಎರಡು ಸಲ ಕರೀಬಹುದು. ಒಂದರ ಹಿಂದ ಒಂದು ಮೂರು ಸಲ ಕರಿಯಾಕ ಅದಕ್ಕೇನು ನೆನಪಿರ್ತೈತೇನು?"

ನಾನು ಬೆನ್ನು ತಟ್ಟಿದೆ. ಬುದ್ಧಿವಂತಿಕೆ ಎನಿಸಿತು, ಈಗಲೂ ಅನಿಸುತ್ತದೆ. ದಿನವಿಡೀ ಹಚ್ಚಿಟ್ಟು ನೋಡಿದೆವು, ಒಮ್ಮೆಯೂ ಮೋಸವಾಗಲಿಲ್ಲ. ಚಿಕ್ಕೇರಹಟ್ಟಿಯ ಮನೆಯ ಗೋಡೆಗೆ ಎರಡು ಗುಂಡಿಯ ಡಬ್ಬಿ ಕೂತಿತು, ಬಾವಿಯ ಸ್ಟಾರ್ಟರಿನ ಪಕ್ಕ ಇನ್ನೊಂದು. ತಿಪ್ಪೇರುದ್ರಮ್ಮ ಗುಂಡಿ ಒತ್ತಿ, ಆಚೆ ಪೈಪಿನಿಂದ ನೀರು ಬೀಳುವ ಸದ್ದು ಕೇಳಿ, ತಲೆಯ ಮೇಲೆ ಸೆರಗೆಳೆದುಕೊಂಡು ಅಳುವುದಕ್ಕೇ ಶುರು ಮಾಡಿದಳು. ಬೆನಕಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ದಿನವೂ ನನ್ನ ಬೂತಿನಿಂದ ಹಟ್ಟಿಯ ಕಿರಾಣಿ ಅಂಗಡಿಯ ಅನ್ನದಾನಮ್ಮನಿಗೆ ಫೋನು ಮಾಡಿ, ಅಕ್ಕನ ಮೋಟರು ತಾನಾಗಿ ಚಾಲೂ ಆಗಿತ್ತೇನು ಕೇಳಿ ಹೇಳ್ರಿ ಎಂದು ಜೀವ ತಿನ್ನುತ್ತಿದ್ದ. ಹಟ್ಟಿಯಲ್ಲಿ ಫೋನಿದ್ದದ್ದು ಆಕೆಯ ಅಂಗಡಿಯೊಂದರಲ್ಲೇ. ಆಕೆ ಕೊನೆಕೊನೆಗೆ ಅವನ ದನಿ ಕೇಳಿದ ಕೂಡಲೇ "ಇಲ್ಲಪ್ಪೋ ಇಲ್ಲ" ಎಂದು ಇಟ್ಟುಬಿಡುತ್ತಿದ್ದಳು.

ಯುಗಾದಿ ಕಳೆದು ಗಾಳಿ ಏಳುವ ದಿನಗಳು. ಬೆನಕಪ್ಪ ಇನ್ನೊಬ್ಬ ರೈತನಿಗಾಗಿ ಎರಡನೇ ಜೋಡಿ ಮಾಡುತ್ತಿದ್ದ. ಮಧ್ಯಾಹ್ನ ಅದನ್ನು ನನ್ನ ಕಂಪ್ಯೂಟರಿಗೆ ಹಚ್ಚಿ ಕೂತಿದ್ದ. ನಾನು ಯಾರದೋ ನಾಮಕರಣದ ಪತ್ರಿಕೆ ಮಡಿಸುತ್ತಿದ್ದೆ. ಆಚೆ ಬದಿಯ ಚೌಡಣ್ಣ ತನ್ನ ಅಂಗಡಿಯ ಮುಂದೆ ಕಿಟಕಿಯ ಸರಳಿಗೆ ವೆಲ್ಡಿಂಗ್ ಶುರು ಮಾಡಿದ. ಸರ್ ಎಂದು ಕಿಡಿ ಹಾರಿತು. ಆಗ ಬೆನಕಪ್ಪನ ಮುಂದಿದ್ದ ಡಬ್ಬಿಯೊಳಗೆ ಟಕ್ ಎಂದಿತು.

ಆ ಟಕ್ ನನಗೂ ಗೊತ್ತಿತ್ತು. ಮೋಟರಿಗೆ ಚಾಲೂ ಆಗು ಎಂದು ಹೇಳುವ ಸದ್ದು ಅದು.

"ನೀನು ಗುಂಡಿ ಒತ್ತಿದೇನಲೇ?"

ಅವನು ಪರದೆಯತ್ತ ಬೆರಳು ಮಾಡಿದ. ಮಾತಾಡುವ ಬಿಲ್ಲೆಯ ಸೆಲ್ಲು ಹೊರಗೇ ಇತ್ತು. ಪರದೆಯ ಮೇಲೆ ಎಂದಿನ ಇರುವೆ ಸಾಲು ಇರಲಿಲ್ಲ. ಒಂದೇ ಅಕ್ಷರ, ಅದೇ ಅಕ್ಷರ, ಮತ್ತೆ ಅದೇ ಅಕ್ಷರ, ಸಾಲು ತುಂಬ ಕೂತಿತ್ತು. ಚೌಡಣ್ಣ ಕಿಡಿ ನಿಲ್ಲಿಸಿದ, ಅಕ್ಷರವೂ ನಿಂತಿತು. ಮತ್ತೆ ಹಾರಿಸಿದ, ಮತ್ತೆ ಬಂತು.

"ಕರೆಂಟಿಗೆ ತಾಳ ಐತಿ ಶಂಕ್ರಣ್ಣ," ಎಂದ ಬೆನಕಪ್ಪ. "ಕಿಡಿ ಆ ತಾಳಕ್ಕ ಹಾರತೈತಿ. ಒಂದ ಥರ ಹಾರತೈತಿ. ಅಜ್ಜಿ ಹೇಳಿದ್ದು ಸುಳ್ಳು. ಇದು ಮೂರು ಸಲ ಅಲ್ಲ, ನೂರು ಸಲ ಬೇಕಾದ್ರೂ ಕರೀತೈತಿ."

"ಹಟ್ಟಿಯಾಗ ಯಾರು ವೆಲ್ಡಿಂಗ್ ಮಾಡ್ತಾರ ಬಿಡೋ."

"ಬಾವಿ ಕಂಬದ ತಂತಿ ಸಡಿಲ ಆಗೈತಿ. ಈ ಗಾಳಿಗೆ. ಹೋದ ವಾರ ನಾನ ನೋಡೀನಿ, ಕರೆಂಟು ಬಂದಾಗ ಮ್ಯಾಲ ಕಿಡಿ ಹಾರ್ತಿದ್ವು."

ಬೂತಿನ ಫೋನು ಎತ್ತಿಕೊಂಡ. ನಂಬರು ತಪ್ಪಿತು, ನಾನು ಒತ್ತಿಕೊಟ್ಟೆ. ಅನ್ನದಾನಮ್ಮ ಎಂದಿನಂತೆ "ಇಲ್ಲಪ್ಪೋ ಇಲ್ಲ" ಎಂದಳು. ನಾನು ಫೋನು ಕಸಿದುಕೊಂಡು ಮರುಳಪ್ಪ ಎಲ್ಲಿ ಎಂದು ಕೇಳಿದೆ.

"ಈಗಿನ್ನ ನಟ್ಟು ಬಿಚ್ಚೋ ಪಾನಾ ಹಿಡ್ಕೊಂಡು ಬಾವಿ ಕಡಿ ಹೋದ್ನಲ್ರಿ. ಪಂಪು ಸೋರ್ತೈತಂತ, ಗ್ಲ್ಯಾಂಡಿಗೆ ಹೊಸ ಹಗ್ಗ ಸುತ್ತಾಕ."

ಪಂಪಿನ ತಿರುಗುವ ದಂಡದ ಸುತ್ತ ಹಗ್ಗ ಸುತ್ತಬೇಕಾದರೆ ಎರಡೂ ಕೈ ಅದರ ಮೇಲೇ ಇರಬೇಕು. ಯಾರನ್ನಾದರೂ ಓಡಿಸಿ ಅವನನ್ನು ಮೇಲೆ ಕರೆಯಿರಿ ಎಂದು ಕಿರುಚಿದೆ. "ಮಧ್ಯಾಹ್ನ, ಓಣಿಯಾಗ ಒಂದು ನರಪಿಳ್ಳಿ ಇಲ್ಲ, ನನ್ನ ಕಾಲು ನಡೆಯಂಗಿಲ್ಲ, ಯಾರಾದ್ರೂ ಬಂದ್ರ ಕಳಿಸ್ತೀನಿ" ಎಂದಳು. ಹಟ್ಟಿಗೆ ಮೋಟರು ತಿರುಗಿಸುವ ಮೂರು ಫೇಸಿನ ಕರೆಂಟು ಬರುವುದು ಯಾವಾಗ ಎಂದು ಕೇಳಿದೆ. "ಇನ್ನೇನು ಬರೋ ಹೊತ್ತು" ಎಂದಳು.

ಅಂಗಡಿ ತೆರೆದಿಟ್ಟೇ ನನ್ನ ಟಿವಿಎಸ್ ಹೊರಗೆಳೆದೆ. ಬೆನಕಪ್ಪ ಹಿಂದೆ ಹತ್ತಿದ. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ "ಮೆಲ್ಲಕ" ಎನ್ನಲಿಲ್ಲ. ನನ್ನ ಸೊಂಟಕ್ಕೆ ಅವನ ಉಗುರು ಇಳಿದಿದ್ದವು.

"ಫ್ಯೂಸ್ ಕಿತ್ತಿರ್ತಾನಲೇ," ಎಂದು ಗಾಳಿಗೆ ಕೂಗಿದೆ. ನಮ್ಮ ಕಡೆ ಬಾವಿಗೆ ಇಳಿಯುವ ಯಾವ ರೈತನೂ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳದೆ ಇಳಿಯುವುದಿಲ್ಲ. ತನ್ನ ಜೀವ ತನ್ನ ಜೇಬಿನಲ್ಲಿರಲಿ ಎಂದು.

"ಕೀಳಲ್ಲ!" ಬೆನಕಪ್ಪ ನನ್ನ ಕಿವಿಗೆ ಬಾಯಿ ತಂದು ಕೂಗಿದ. "ಈಗ ಫ್ಯೂಸ್ ಕೀಳಲ್ಲ ಮರುಳಪ್ಪ ಮಾವ. ಮನ್ಯಾಗಿನ ಡಬ್ಬಿ ಸೆಲ್ ಕಿತ್ತು ಜೇಬಿನಾಗ ಇಟ್ಕೊಂತಾನ. ಸೆಲ್ ನನ್ನ ಹತ್ರ ಐತಿ, ಇನ್ಯಾವನು ಚಾಲೂ ಮಾಡ್ತಾನ ಅಂತಾನ. ನಾನ ಕೇಳಿಸ್ಕೊಂಡೀನಿ. ಸರಿ ಅಂತ ನಾನೂ ಸುಮ್ಮನಾದೆ."

ಮಾತಾಡುವ ಬಿಲ್ಲೆಯನ್ನು ಸುಮ್ಮನಾಗಿಸಿದರೆ ಕೇಳುವ ಬಿಲ್ಲೆಯ ಕಿವಿ ಇನ್ನಷ್ಟು ನಿಗುರುತ್ತದೆ. ಮರುಳಪ್ಪ ಜೋಪಾನ ಮಾಡುತ್ತೇನೆಂದು ಮಾಡಿದ್ದೇ ಅಪಾಯವನ್ನು ಹತ್ತಿರ ಕರೆಯುವ ಕೆಲಸವಾಗಿತ್ತು.

ಕೊಟ್ಟೂರು ದಾರಿಗೆ ತಿರುಗಿದೆವು. ಎರಡೂ ಕಡೆ ಹೊಲಗಳು ಒಣಗಿ ಬಾಯಿ ಬಿಟ್ಟಿದ್ದವು, ಯಾವ ಪೈಪಿನಲ್ಲೂ ನೀರಿರಲಿಲ್ಲ. ನೀರಿಲ್ಲ ಎಂದರೆ ಕರೆಂಟಿಲ್ಲ. ಅದನ್ನು ನೋಡಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಬರಬೇಡ, ಬರಬೇಡ ಎಂದು ಬೇಡಿಕೊಳ್ಳುತ್ತಾ ಗಾಡಿ ಹಿಂಡಿದೆ. ಕರೆಂಟು ಬರಬೇಡ ಎಂದು ಬೇಡಿಕೊಂಡ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಹಟ್ಟಿಯ ಹುಣಸೆಮರ ಕಾಣುವ ತಿರುವಿನಲ್ಲಿ ಎಡಗಡೆಯ ಹೊಲದ ಪೈಪು ಕೆಮ್ಮಿತು. ಒಂದು ಸಲ ಗಾಳಿ ಉಗುಳಿ, ಆಮೇಲೆ ದಪ್ಪಕ್ಕೆ ನೀರು ಬಿಟ್ಟಿತು. ಅದರಾಚೆ ಇನ್ನೊಂದು. ಬಲಕ್ಕೆ ಇನ್ನೊಂದು. ಆಟೋ ಹಾಕಿಸಿಕೊಂಡ ಮೋಟರುಗಳೆಲ್ಲ ಒಂದೇ ಉಸಿರಿಗೆ ಎದ್ದಿದ್ದವು. ಬೆನಕಪ್ಪ ಗಾಡಿ ನಿಲ್ಲುವ ಮುಂಚೆಯೇ ಜಿಗಿದು, ಬಿದ್ದು, ಎದ್ದು, "ಮಾವಾ, ಕೈ ತಗೀ! ಮಾವಾ!" ಎಂದು ಬದುವಿನ ಮೇಲೆ ಓಡಿದ.

ಮರುಳಪ್ಪ ಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದ. ಎಡಗೈಗೆ ಟವೆಲ್ ಸುತ್ತಿಕೊಂಡಿದ್ದ. ಟವೆಲ್ ಕೆಂಪಾಗಿತ್ತು. ಕೆಳಗೆ ಮೋಟರು ತಿರುಗುತ್ತಲೇ ಇತ್ತು.

"ತಾನ ಎದ್ದುಬಿಡ್ತಲೋ ತಮ್ಮ," ಎಂದ. ದೂರಲಿಲ್ಲ, ಬೈಯಲಿಲ್ಲ. ಹಾಗೆ ಹೇಳಿದ್ದಕ್ಕೇ ನನಗೆ ತಡೆಯಲಾಗಲಿಲ್ಲ.

ಕಿರುಬೆರಳು ಪೂರ್ತಿ ಹೋಯಿತು. ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ, ಫ್ಯೂಸ್ ಕೀಳದೆ ಇದ್ದದ್ದು ತನ್ನ ತಪ್ಪು ಎಂದು ಮರುಳಪ್ಪ ಎಲ್ಲರೆದುರು ಹೇಳಿದ. ಅದು ಅರ್ಧ ನಿಜ. ಉಳಿದರ್ಧ ಬೆನಕಪ್ಪನ ಕುತ್ತಿಗೆಗೆ ಬಿತ್ತು. ಆ ಸಂಜೆಯೇ ಎರಡೂ ಡಬ್ಬಿ ಕಿತ್ತು ತಂದ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತ. ತಗಡಿನ ಆಚೆ ನಿಟ್ಟುಸಿರು ಸಹ ನಿಂತುಹೋಯಿತು, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಹಟ್ಟಿಯ ಕಡೆ ಅವನು ತಲೆ ಹಾಕಲಿಲ್ಲ. ಅಕ್ಕ ಹೇಳಿ ಕಳಿಸಿದರೂ ಹೋಗಲಿಲ್ಲ.

ಕೊನೆಗೆ ತಿಪ್ಪೇರುದ್ರಮ್ಮನೇ ಬಸ್ಸಿಳಿದು ಬಂದಳು. ಕಾಲಿಗೆ ಕೆಸರು ಮೆತ್ತಿತ್ತು, ಬದುವಿನ ಮೇಲಿನ ಓಡಾಟ ಮತ್ತೆ ಶುರುವಾಗಿತ್ತು. ಅರ್ಧ ಬಾಗಿಲು ತಾನೇ ಪೂರ್ತಿ ತೆರೆದಳು.

"ಅವರದು ಒಂದು ಬೆರಳು ಹೋತು," ಎಂದಳು. "ನನ್ನ ತಮ್ಮ ಯಾಕ ಹೋಗಬೇಕು?"

ಅವನು ಮುಖ ಎತ್ತಲಿಲ್ಲ. "ಅಕ್ಕ, ನನ್ನ ಕೈಲಿ ಆಗಂಗಿಲ್ಲ."

"ಆಗಂಗಿಲ್ಲ ಅನ್ನೋನು ಮೊದಲ ಅನ್ನಬೇಕಿತ್ತು. ಅರ್ಧ ಕೆಲಸ ಮಾಡಿ ಬಿಟ್ಟು ಕೂತಿ. ಅವರಿಗೆ ಈಗ ಸಲಿಕಿ ಹಿಡಿಯಾಕ ಬರಂಗಿಲ್ಲ, ಅದನ್ನೂ ನಾನ ಮಾಡ್ತೀನಿ. ಮೋಟ್ರಿಗೂ ನಾನ ಓಡ್ತೀನಿ. ಸರಿ ಮಾಡಿ ತಗಂಡು ಬಾ. ಇಲ್ಲಾಂದ್ರ ನಮ್ಮನಿ ಹೊಸ್ತಿಲು ತುಳೀಬ್ಯಾಡ." ಬುತ್ತಿಯ ಗಂಟು ಮೇಜಿನ ಮೇಲೆ ಕುಕ್ಕಿ, ಅದೇ ಬಸ್ಸಿಗೆ ಹೊರಟುಹೋದಳು.

ಅವನು ಮತ್ತೆ ಬರೆಯಲು ಕೂತ. ಈ ಸಲ ಮಾತಾಡುವ ಬಿಲ್ಲೆ ನೇರವಾಗಿ ಕರೆಯುತ್ತಿರಲಿಲ್ಲ. ಮೊದಲು ಉದ್ದಕ್ಕೆ ಗಂಟಲು ಸರಿ ಮಾಡಿಕೊಂಡು ಕೇಳುವವನ ಕಿವಿಯನ್ನು ಹದಕ್ಕೆ ತರುತ್ತಿತ್ತು. ಆಮೇಲೆ ಪೂರಾ ಹೆಸರು, ತಾಲ್ಲೂಕು ಆಫೀಸಿನಲ್ಲಿ ಬರೆಯುವ ಹಾಗೆ, ತಿಪ್ಪೇರುದ್ರಮ್ಮ ಕೋಂ ಮರುಳಪ್ಪ, ಚಿಕ್ಕೇರಹಟ್ಟಿ. ಆಮೇಲೆ ಆಜ್ಞೆ. ಕೊನೆಗೆ ಎಲ್ಲ ಅಕ್ಷರಗಳನ್ನು ಕೂಡಿಸಿದ ಮೊತ್ತ. ಮೊತ್ತ ತಾಳೆಯಾಗದಿದ್ದರೆ, ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ, ಓ ಅನ್ನಬಾರದು. ಮನೆಯ ಡಬ್ಬಿ ಸ್ವಲ್ಪ ಹೊತ್ತು ಸುಮ್ಮನಾದರೆ ತಿರುಗುತ್ತಿರುವ ಮೋಟರೂ ನಿಲ್ಲಬೇಕು. "ದೆವ್ವಕ್ಕ ಗಂಡನ ಹೆಸರು ಗೊತ್ತಿರಂಗಿಲ್ಲ ಬಿಡು," ಎಂದು ತಮಾಷೆ ಮಾಡಿದೆ. ನಗಿಸಲೆಂದು ಹೇಳಿದ ಮಾತು, ಅವನು ನಗಲಿಲ್ಲ. ಮಳೆಗಾಲ ಮುಗಿಯುವ ತನಕ ಚೌಡಣ್ಣನ ಕಿಡಿಯ ಮುಂದೆ ಅದನ್ನು ಹಚ್ಚಿಟ್ಟುಕೊಂಡೇ ಇದ್ದ. ಒಂದು ಸಲವೂ ಟಕ್ ಅನ್ನಲಿಲ್ಲ. ಆದರೂ ನಂಬಲಿಲ್ಲ. ಮೊದಲಿನದೂ ಹೀಗೆಯೇ ನಂಬಿಸಿತ್ತು ಎನ್ನುತ್ತಿದ್ದ.

ಬಾವಿಗೆ ಹಚ್ಚುವ ದಿನ ಚೌಡಣ್ಣನನ್ನೂ ಅವನ ವೆಲ್ಡಿಂಗ್ ಮಷೀನನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದ. ಸ್ಟಾರ್ಟರಿನ ಪಕ್ಕದಲ್ಲೇ ಮಷೀನು ಇಳಿಸಿದರು. ಮನೆಯ ಡಬ್ಬಿಯ ಸೆಲ್ಲು ಕೀಳಿಸಿದ. ಕರೆಂಟು ಬಂದ ಕೂಡಲೇ ಕಿಡಿ ಹಾರಿಸು, ನಾನು ಸಾಕು ಅನ್ನುವ ತನಕ ನಿಲ್ಲಿಸಬೇಡ ಎಂದು ಚೌಡಣ್ಣನಿಗೆ ಹೇಳಿ, ಅಂಗಿಯ ತೋಳು ಮಡಿಸಿ, ಬಾವಿಗೆ ಇಳಿದ. ಫ್ಯೂಸ್ ಇದ್ದಲ್ಲೇ ಇತ್ತು.

ಅವನು ಏನು ಮಾಡುತ್ತಿದ್ದಾನೆಂದು ನನಗೆ ತಿಳಿದದ್ದು, ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ತಿರುಗುವ ದಂಡವನ್ನು ಹಿಡಿದುಕೊಂಡಾಗ.

"ಲೇ ಹುಚ್ಚಾ! ಮ್ಯಾಲ ಬಾ! ಮಾವನ ಕೈ ಸಾಲಲಿಲ್ಲೇನು?"

"ನನ್ನ ಕೈ ಇಡಲಾರದ ಜಾಗದಾಗ ಅವರ ಕೈ ಹೆಂಗ ಇಡಸ್ಲಿ?" ಎಂದ. ನಾನು ಫ್ಯೂಸಿನ ಕಡೆ ಓಡಿದೆ. ಅಷ್ಟರಲ್ಲಿ ಸುತ್ತಲ ಹೊಲದ ಮೋಟರುಗಳೆಲ್ಲ ಗುಂಯ್ ಎಂದವು. ಕಂಬದ ತುದಿಯಲ್ಲಿ ಕಿಡಿ ಉದುರಿತು. ಚೌಡಣ್ಣನ ಕೈಯಿಂದಲೂ ಕಿಡಿ ಹಾರಿತು. ನಾನು ಬಾವಿಯ ಕಡೆ ತಿರುಗಲಾರದೆ ನಿಂತುಬಿಟ್ಟೆ. ಕಿವಿ ಮಾತ್ರ ಕೆಳಗೇ ಇತ್ತು.

ಕೆಳಗೆ ಏನೂ ತಿರುಗಲಿಲ್ಲ. ಚೌಡಣ್ಣನ ಕೈಯಲ್ಲಿದ್ದ ಕಡ್ಡಿ ಪೂರ್ತಿ ಉರಿದು ಮುಗಿಯಿತು. ಇನ್ನೊಂದು ಹಚ್ಚಿದ, ಅದೂ ಮುಗಿಯಿತು. ಬೆನಕಪ್ಪ ಸಾಕು ಅನ್ನಲಿಲ್ಲ. ಚೌಡಣ್ಣ ನನ್ನ ಮುಖ ನೋಡಿದ, ನಾನು ಮರುಳಪ್ಪನ ಮುಖ ನೋಡಿದೆ.

ಮರುಳಪ್ಪ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಒಂದೊಂದೇ ಮೆಟ್ಟಿಲು ಇಳಿದು ಹೋಗಿ ಅವನ ಪಕ್ಕದಲ್ಲಿ ಕೂತ. "ಸಾಕು, ಕೈ ಬಿಡು" ಎಂದ. ಬೆನಕಪ್ಪ ತಲೆಯಾಡಿಸಿದ. ಬಿಡಬೇಕೆಂದೇ ಇದ್ದ, ಆದರೆ ಹೆದರಿಕೆಗೆ ಕೈ ಸೆಟೆದುಕೊಂಡು ಬೆರಳು ಬಿಚ್ಚಲು ಬರುತ್ತಿರಲಿಲ್ಲ.

"ಶಂಕ್ರಣ್ಣ, ಮನಿಗೆ ಹೇಳಿ ಕಳಿಸ್ರಿ, ಸೆಲ್ ಹಾಕಿ ಮೋಟ್ರು ಹಚ್ಚಲಿ, ಈರುಳ್ಳಿ ಬಾಡ್ತೈತಿ," ಎಂದು ಮರುಳಪ್ಪ ಮೇಲೆ ಮುಖ ಮಾಡಿ ಕೂಗಿದ. "ತಡೀರಿ, ಈಗ ಬ್ಯಾಡ. ಮೊದಲ ಇವನ ಕೈ ಬಿಡಸ್ತೀನಿ."

ನಾಲ್ಕು ಬೆರಳಿನ ಆ ಕೈಯಿಂದ, ಅವನು ಬೆನಕಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.